ಮಡಿಲ ತುಂಬ ಚೀಲ

ಹೊಸ ಬಸ್ಸಿನ ಹಿಂಬದಿಯಲ್ಲಿ ಸೀಮೆಸುಣ್ಣದಿಂದ ಹಂಸದ ಕೊಕ್ಕು ಎಳೆಯುತ್ತಿದ್ದ ಚಿತ್ತರಂಜನನ ಕೈಯನ್ನು ಬಸ್ಸಿನ ಧಣಿ ನೂರ್ ಮುಹಮ್ಮದ್ ಮೆಲ್ಲನೆ ಹಿಡಿದು ನಿಲ್ಲಿಸಿದರು.

“ಎಂತ ಚಿತ್ತಣ್ಣ, ಪುನಃ ಹಂಸವಾ?”

“ಹಂಸಕ್ಕೆ ಎಂತ ಆಗಿದೆ ಸಾಹುಕಾರ್ರೆ?”

“ಅದಕ್ಕೆ ಎಂತದೂ ಆಗ್ಲಿಲ್ಲ, ಆದದ್ದು ನನಗೆ. ಮೊನ್ನೆ ಹಂಪನಕಟ್ಟೆಯಲ್ಲಿ ಹಿಂದಿನ ಹಂಸ ನೋಡಿ ನನ್ನ ಬಸ್ಸು ಅಂತ ಓಡಿ ಹೋಗಿ ಅಡ್ಡ ನಿಲ್ಲಿಸಿ, ಲೇಟಾದದ್ದಕ್ಕೆ ಡ್ರೈವರನಿಗೆ ಸಮಾ ಬೈದೆ. ಅವನು ಪಾಪ ಪೂರಾ ಕೇಳಿಸಿಕೊಂಡು, ‘ಬ್ಯಾರಿಗಳೇ, ಇದು ನಿಮ್ಮ ಬಸ್ಸಲ್ಲ’ ಅಂದ. ಆ ರೂಟಿನ ಎಲ್ಲ ಬಸ್ಸಿನ ಹಿಂದೆಯೂ ನಿಮ್ಮದೇ ಹಂಸ ಈಜ್ತಾ ಉಂಟು.”

ಬೈಕಂಪಾಡಿಯ ಆ ಬಸ್ ಬಾಡಿ ಕಟ್ಟುವ ಶೆಡ್ಡಿನಲ್ಲಿ ಬಾಗಿಲು ಕೂರಿಸುತ್ತಿದ್ದ ಮೊರಿಸ್ ಸುತ್ತಿಗೆ ಕೆಳಗಿಟ್ಟು ನಕ್ಕ. ಚಿತ್ತರಂಜನನಿಗೆ ನಗು ಬರಲಿಲ್ಲ. ಈ ವರ್ಷ ಶೆಡ್ಡಿನಿಂದ ಹೊರಟ ಬಸ್ಸುಗಳಿಗೆಲ್ಲ ಸ್ಟಿಕ್ಕರೇ ಅಂಟಿದ್ದು. ಕುಂಚದ ಕೆಲಸವೇ ಬೇಕೆನ್ನುವವರು ಎಂದು ಉಳಿದದ್ದು ಈ ನೂರ್ ಮುಹಮ್ಮದ್ ಒಬ್ಬರೇ.

“ಶನಿವಾರ ಬಸ್ಸು ರೋಡಿಗೆ ಇಳೀಬೇಕು. ಅಷ್ಟರೊಳಗೆ ಹೊಸತು ಎಂತಾದ್ರೂ ತಲೆಗೆ ಬಂದ್ರೆ ಬಿಡಿಸಿ. ಬಾರದಿದ್ರೆ ಸ್ಟಿಕ್ಕರಿನವನಿಗೆ ಹೇಳ್ತೇನೆ. ಬೇಜಾರು ಮಾಡ್ಬೇಡಿ ಆಯ್ತಾ” ಎಂದು ಅವರು ಹೊರಟರು.

ತಲೆಗೆ ಏನಾದರೂ ಬರಲಿ ಎಂದು ಚಿತ್ತರಂಜನ ಮಧ್ಯಾಹ್ನ ಹಂಪನಕಟ್ಟೆಯ ಕ್ಯಾಲೆಂಡರ್ ಅಂಗಡಿಗೆ ಹೋದ. ಜಲಪಾತ ನೋಡಿದ, ಓಡುವ ಏಳು ಕುದುರೆ ನೋಡಿದ, ಕೆನ್ನೆಗೆ ಕೈಯಿಟ್ಟ ಮಗುವನ್ನೂ ನೋಡಿದ. ಎಲ್ಲವೂ ಹಂಸದ ನೆಂಟರೇ. ಪೇಟೆಯಲ್ಲಿ ಸ್ಕೂಟರ್ ನಿಲ್ಲಿಸಲು ಜಾಗ ಸಿಗುವುದಿಲ್ಲವೆಂದು ಅವತ್ತು ಬಸ್ಸಿನಲ್ಲೇ ಬಂದಿದ್ದ. ಮೂವತ್ತು ವರ್ಷ ಬಸ್ಸಿಗೆ ಬಣ್ಣ ಬಳಿದವನು ಬಸ್ಸಿನೊಳಗೆ ಕೂತದ್ದನ್ನು ಬೆರಳಿನಲ್ಲಿ ಎಣಿಸಬಹುದಿತ್ತು.

ವಾಪಸು ಹೊರಡುವಾಗ ನಾಲ್ಕೂವರೆ. ಅದೃಷ್ಟಕ್ಕೆ ಸೀಟು ಸಿಕ್ಕಿತು. ಮುಂದಿನ ಸ್ಟಾಪಿನಲ್ಲಿ ಬಸ್ಸು ತುಂಬಿತು. ಅದರ ಮುಂದಿನದರಲ್ಲಿ ಇನ್ನೂ ತುಂಬಿತು. “ದುಂಬು ಪೋಲೆ, ಮುಂದೆ ಹೋಗಿ, ಮುಂದೆ ಮೈದಾನ ಉಂಟು” ಎಂದು ಕಂಡಕ್ಟರ್ ಎಲ್ಲರನ್ನೂ ಒತ್ತಿದ. ನಿಂತಿದ್ದ ಹುಡುಗಿಯೊಬ್ಬಳು, “ಇದೊಂದು ಹಿಡ್ಕೊಳ್ಳಿ ಅಂಕಲ್” ಎಂದು ಅವನ ಉತ್ತರಕ್ಕೆ ಕಾಯದೆ ಶಾಲೆಯ ಬ್ಯಾಗನ್ನು ಮಡಿಲಿಗೆ ಇಳಿಸಿದಳು. ಅದರ ಮೇಲೆ ಯಾರದ್ದೋ ಟಿಫಿನ್ ಚೀಲ ಬಂತು. ಆಮೇಲೆ ಬಸಳೆಯ ಕಟ್ಟು. ಕೊಟ್ಟವರು ಅವನ ಮುಖವನ್ನೂ ನೋಡಲಿಲ್ಲ, ಗೋಡೆಯ ಮೊಳೆಗೆ ತೂಗುಹಾಕಿದಷ್ಟೇ ನಿಶ್ಚಿಂತೆಯಿಂದ ಕೊಟ್ಟು ಕಂಬಿ ಹಿಡಿದು ನಿಂತರು.

ಎಲೆಗಳ ಸಂದಿಯಿಂದ ಚಿತ್ತರಂಜನ ಆಚೆ ಬದಿಯ ಸೀಟಿನತ್ತ ನೋಡಿದ. ಅಲ್ಲೊಬ್ಬರು ಅಜ್ಜಿ. ಮಡಿಲಲ್ಲಿ ಎರಡು ಶಾಲೆ ಬ್ಯಾಗು, ಅದರ ಮೇಲೊಂದು ಹೆಲ್ಮೆಟ್ಟು, ಹೆಲ್ಮೆಟ್ಟಿನೊಳಗೆ ಯಾರದ್ದೋ ಪರ್ಸು; ಮೀನಿನ ನೀಲಿ ಚೀಲವನ್ನು ಮಾತ್ರ ಸೀರೆಗೆ ತಾಗದ ಹಾಗೆ ದೂರಕ್ಕೆ ಚಾಚಿ ಹಿಡಿದಿದ್ದರು. ಚೀಲಗಳ ಮೇಲೆ ಕಾಣುತ್ತಿದ್ದದ್ದು ಕನ್ನಡಕ ಮತ್ತು ಮುಡಿದ ಒಂದು ದಾಸವಾಳ. ಬಸ್ಸು ತಿರುವಿನಲ್ಲಿ ವಾಲಿದಾಗ ಅಜ್ಜಿ ತಾವು ಆಧಾರ ಹಿಡಿಯದೆ, ಪರ್ಸು ಬೀಳದಂತೆ ಗದ್ದ ಒತ್ತಿದರು.

ಚಿತ್ತರಂಜನನ ಬೆರಳು ತುರಿಸಿತು. ಆದರೆ ಪೆನ್ನು ತೆಗೆಯುವುದು ಹೇಗೆ? ಎರಡೂ ಕೈಯಲ್ಲಿ ಊರವರ ಸಾಮಾನು. ಬೈಕಂಪಾಡಿ ಬಂತು. ಬಸಳೆಯ ಯಜಮಾನಿ ಎಲ್ಲಿ ಮುಂದೆ ಹೋಗಿ ಸಿಕ್ಕಿಕೊಂಡಿದ್ದಳೋ, ಕೂಗಿದರೂ ಕೇಳಿಸಲಿಲ್ಲ. ಬೈಕಂಪಾಡಿ ಹೋಯಿತು. ಸುರತ್ಕಲ್ಲಿನಲ್ಲಿ ಎಲ್ಲರ ಸಾಮಾನು ಒಪ್ಪಿಸಿ, ಬಸಳೆಯನ್ನೂ ಕೊಟ್ಟು ಇಳಿದವನು ಹೆದ್ದಾರಿಯ ಬದಿಯಲ್ಲೇ ನಿಂತು, ಎಡಚನಾದ್ದರಿಂದ ಬಲ ಅಂಗೈಯ ಮೇಲೆ ಬಾಲ್‌ಪೆನ್ನಿನಿಂದ ಅಜ್ಜಿಯನ್ನು ಗೀಚಿಕೊಂಡ. ಆ ದಿನ ರಾತ್ರಿ ಚಮಚದಲ್ಲಿ ಉಂಡ.

ಶುಕ್ರವಾರ ಸಂಜೆ ನೂರ್ ಮುಹಮ್ಮದ್ ಬಂದು ಬಸ್ಸಿನ ಹಿಂದೆ ನಿಂತರು.

“ಇದು ಹೆಂಗಸಾ, ಲಗೇಜು ಗಾಡಿಯಾ ಚಿತ್ತಣ್ಣ? ಮುಖವೇ ಕಾಣುವುದಿಲ್ಲವಲ್ಲ.”

“ಬಸ್ಸಿನಲ್ಲೂ ಕಾಣ್ಲಿಲ್ಲ ಸಾಹುಕಾರ್ರೆ. ಕಂಡಷ್ಟು ಬಿಡಿಸಿದೆ.”

ಮೊರಿಸ್ ಹತ್ತಿರ ಬಂದ. “ಆ ನೀಲಿ ಚೀಲದಲ್ಲಿ ಬಂಗುಡೆ” ಎಂದ.

“ಬಂಗುಡೆ ಅಲ್ಲ ಮಾರಾಯ, ಬೂತಾಯಿ” ಎಂದರು ನೂರ್ ಮುಹಮ್ಮದ್ ತಿರುಗದೆಯೇ. “ಬಂಗುಡೆಯಾದ್ರೆ ಬಾಲ ಚೀಲ ಚುಚ್ಚಿಕೊಂಡು ಹೊರಗೆ ಬರ್ತಿತ್ತು.”

“ತಲೆ ಕಡಿಸಿ ತಂದದ್ದಾದ್ರೆ?”

“ತಲೆ ಕಡಿಸಿದ್ರೆ ಬಾಲ ಎಲ್ಲಿಗೆ ಹೋಗ್ತದೆ? ಮೀನು ನೋಡಿದ್ದೀಯಾ ನೀನು?” ಅವರು ಬಗ್ಗಿ, ಹೆಲ್ಮೆಟ್ಟಿನೊಳಗಿನ ಪರ್ಸನ್ನು ಕಂಡುಹಿಡಿದು ನಕ್ಕರು. “ಇದು ಯಾರದ್ದೋ! ಅಷ್ಟು ನಂಬಿಕೆಯಾ ಇವಳ ಮೇಲೆ?” ಎನ್ನುತ್ತ ಮೊಬೈಲ್ ತೆಗೆದು, ಆಚೆಯವನ ಹಲೋ ಮುಗಿಯುವ ಮೊದಲೇ, “ಸ್ಟಿಕ್ಕರ್ ಬೇಡ, ಬರ್ಬೇಡ” ಎಂದರು.

ಬಸ್ಸು ರೋಡಿಗೆ ಇಳಿದ ಹತ್ತನೇ ದಿನಕ್ಕೆ ಜಿತೇಶ್ ಎಂಬ ಇನ್ನೊಬ್ಬ ಧಣಿ ಶೆಡ್ಡು ಹುಡುಕಿಕೊಂಡು ಬಂದ. ಸಿಗ್ನಲ್ಲಿನಲ್ಲಿ ಆ ಬಸ್ಸಿನ ಹಿಂದೆ ನಿಂತು, ಹಸಿರು ಬಿದ್ದದ್ದೇ ಗೊತ್ತಾಗದೆ ಹಿಂದಿನವರಿಂದ ಬೈಸಿಕೊಂಡದ್ದನ್ನು ಹೇಳಿದ.

“ನನ್ನ ಬಸ್ಸಿಗೂ ಅದೇ ಅಜ್ಜಿ ಬೇಕು ಚಿತ್ತಣ್ಣ. ಹಾಗೆಯೇ, ಒಂದು ಗೆರೆ ಆಚೀಚೆ ಆಗ್ಬಾರ್ದು.”

“ಅವರು ಆ ರೂಟಿನವರು. ನಿಮ್ಮದು ಯಾವ ರೂಟು?”

“ಮುಡಿಪು.”

ಚಿತ್ತರಂಜನ ಕುಂಚವನ್ನು ಸೀಮೆಎಣ್ಣೆಯಲ್ಲಿ ಅದ್ದಿ ಚಿಂದಿಗೆ ಒರೆಸಿದ.

“ಅತಿ ಹೆಚ್ಚು ರಶ್ಶು ಎಷ್ಟು ಗಂಟೆಗೆ ಇರ್ತದೆ?” ಎಂದು ಕೇಳಿದ.