ಸಿದ್ದಮಲ್ಲಪ್ಪನ ಕೈ

ಗಸಗಸೆ ಪಾಯಸದ ಬಕೆಟ್ಟು ಎದುರಿಗೆ ಬಂದ ಕೂಡಲೇ ಸಿದ್ದಮಲ್ಲಪ್ಪನವರು "ಬೇಡ, ಬೇಡ" ಎನ್ನುತ್ತ ಎಲೆಯ ಮೇಲೆ ಕೈ ಅಡ್ಡ ಹಿಡಿದರು. ಬೆರಳುಗಳನ್ನು ಮಾತ್ರ ಜೋಡಿಸಲಿಲ್ಲ. ಬಡಿಸುವವನು ಸೌಟು ಹಿಂದಕ್ಕೆ ತೆಗೆದ.

"ಉಯ್ಯಲಾ!" ಹಿಂದೆ ತುಪ್ಪ ಹಿಡಿದು ನಿಂತಿದ್ದ ತಿಮ್ಮಯ್ಯ ಗದರಿದ. "ಅದು ಬ್ಯಾಡ ಅಲ್ಲ ಕಣ್ಲಾ, ಸಿದ್ದಮಲ್ಲಪ್ಪನ ಕೈ. ಬೆರಳ್ ಸಂದಿ ಕಾಣಕಿಲ್ವಾ?"

ಪಾಯಸ ಬಿತ್ತು. ತಿಮ್ಮಯ್ಯ ತಮ್ಮ ಗುರುತು ಹಿಡಿದು ಹೇಳಿದ್ದಲ್ಲವೆಂದು ತಿಳಿದರೂ ಸಿದ್ದಮಲ್ಲಪ್ಪನವರು ಸರಕ್ಕನೆ ಕೈ ಹಿಂದೆಗೆದುಕೊಂಡರು. ನಂಜನಗೂಡಿನಲ್ಲಿ ಬೆಲ್ಲದ ಮಂಡಿ ನಡೆಸಿ ಗೌರವವಾಗಿ ಬಾಳಿದ ತಮ್ಮ ಹೆಸರು ಈ ತಿ. ನರಸೀಪುರದ ಮದುವೆ ಛತ್ರದಲ್ಲಿ ಬಡಿಸುವವರ ಬಾಯಲ್ಲಿ ಹೀಗೆ ಓಡಾಡುತ್ತಿದೆಯೆಂದು ಅವರಿಗೆ ಗೊತ್ತೇ ಇರಲಿಲ್ಲ. ಗೊತ್ತಾಗುವುದಕ್ಕೆ ಇವತ್ತೇ ಆಗಬೇಕಿತ್ತೆ? ಪಕ್ಕದ ಎಲೆಗೆ ಕುಳಿತಿದ್ದವರು ಚಿಕ್ಕಯ್ಯನಛತ್ರವೆಂಬ ಊರಿನ ಗಂಗಾಧರಸ್ವಾಮಿ. ಸಿದ್ದಮಲ್ಲಪ್ಪನವರನ್ನು ಬರೀ ಮಂಡಿ ಸಾಹುಕಾರರೆಂದು ಬಲ್ಲವರು; ಅವರ ಮಗಳು ಶ್ವೇತಳನ್ನು ಸೊಸೆಯಾಗಿ ತಂದುಕೊಳ್ಳುವ ವಿಷಯ ಊಟವಾದ ಮೇಲೆ ಹೇಳುತ್ತೇನೆ ಎಂದಿದ್ದವರು. ಹೊಟ್ಟೆಬಾಕನ ಮಗಳನ್ನು ಯಾರು ತಂದುಕೊಳ್ಳುತ್ತಾರೆ?

ಗಂಗಾಧರಸ್ವಾಮಿ ತಲೆ ಎತ್ತಿದರು. "ಯಾರಯ್ಯ ಆ ಸಿದ್ದಮಲ್ಲಪ್ಪ?"

"ನಂಜನಗೂಡ್ ಕಡೇವ್ರಂತೆ ಸಾ. ಕಾಲವಾಗಿ ಬಾಳ ವರ್ಸ ಆಯ್ತು, ಪುಣ್ಯಾತ್ಮ. ಬ್ಯಾಡ ಬ್ಯಾಡ ಅನ್ಕಂಡೇ ಒಂದ್ ಬಕೆಟ್ಟು ಖಾಲಿ ಮಾಡುದ್ರಂತೆ."

ಕಾಲವಾದ ಪುಣ್ಯಾತ್ಮರು ಹಪ್ಪಳ ಮುರಿಯುತ್ತ ಎಲೆಯ ತುದಿಯನ್ನೇ ದಿಟ್ಟಿಸಿದರು.

"ಶುದ್ಧ ಸುಳ್ಳು" ಎಂದರು ಗಂಗಾಧರಸ್ವಾಮಿ. "ಅದು ನಮ್ಮೂರ ಮಾತು ಕಣಯ್ಯ. ಗಂಗಾಧರಸ್ವಾಮಿ ಕೈ ಅಂತ. ನಮ್ಮ ತಂಗಿ ಮದ್ವೇಲಿ ಈ ಕೈಯಿಂದ್ಲೇ ಹುಟ್ಟಿದ್ದು. ನಂಜನಗೂಡಿನೋರು ಕದ್ದವ್ರೆ."

ಸಿದ್ದಮಲ್ಲಪ್ಪನವರು ಇಲ್ಲಿ ಸುಮ್ಮನಿದ್ದಿದ್ದರೆ ಬಚಾವಾಗುತ್ತಿದ್ದರು. ಆದರೆ ಕದ್ದಿದ್ದು ಎಂದರೆ ಹೇಗೆ ತಡೆದುಕೊಳ್ಳುವುದು?

"ಕದಿಯೋಕೆ ನಮಗೇನ್ ಬರಗಾಲ ಸ್ವಾಮಿ?" ಎಡಗೈ ಎದೆಯ ಮೇಲೆ ಬಂತು. "ನಿಮ್ಮ ತಂಗಿ ಇನ್ನೂ ಲಂಗ ಹಾಕ್ಕೊಂಡು ಓಡಾಡ್ತಿದ್ದಾಗ್ಲೇ ನಾನು ನಮ್ಮ ಷಡ್ಡಕನ ಮದ್ವೇಲಿ ಬ್ಯಾಡ ಅಂದಷ್ಟು ಸಲಾನೂ ಉಯ್ಸ್ಕೊಂಡಿದ್ದೀನಿ. ಬದನವಾಳಿನೋರೆಲ್ಲ ಸಾಕ್ಷಿ ಅವ್ರೆ!"

ತಿಮ್ಮಯ್ಯ ಬಾಯಿ ಬಿಟ್ಟುಕೊಂಡು ನೋಡಿದ. "ನೀವೇನಾ ಸಾ? ಬದುಕಿದ್ದೀರಾ? ಅಂಗಾರೆ ಇನ್ಮ್ಯಾಕೆ ನಾವು ಯಾರ ಕೈ ಅನ್ನನ?"

ಗಂಗಾಧರಸ್ವಾಮಿ ಪಕ್ಕದವರನ್ನು ಅಡಿಯಿಂದ ಮುಡಿಯವರೆಗೆ ಅಳೆದರು. ಆಮೇಲೆ ಬೆರಳು ಅಗಲಿಸಿ ತಮ್ಮ ಎಲೆಗೆ ಅಡ್ಡ ಹಿಡಿದರು.

"ಬೇಡಪ್ಪ, ಸಾಕು... ಉಯ್ಯಿ, ಉಯ್ಯಿ. ಅದ್ಯಾರ ಕೈ ಅಂತ ಈಗ್ಲೇ ಜಗಳ ಯಾಕೆ ಬೀಗ್ರೆ? ಮೊಮ್ಮಗು ಹುಟ್ಲಿ, ಎಲೆ ಮುಂದೆ ಕೂರ್ಸಿ ನೋಡನ."