ಜಾಯಿಕಾಯಿ ತೇಯ್ದ ಹಾಲು

ಹಾಲಿಗೆ ಜಾಯಿಕಾಯಿ ತೇಯುವಾಗೆಲ್ಲ ನನಗೆ ದಾಂಡೇಲಿಯ ಕ್ವಾರ್ಟರ್ಸಿನ ಒಂದು ರವಿವಾರ ನೆನಪಾಗುತ್ತದೆ.

ಅಂದು ಬೆಳಿಗ್ಗೆ ಅವ್ವ ಎಂದಿನಂತೆ ನನ್ನ ತಲೆಗೆ ಎಣ್ಣೆ ಹಚ್ಚಿ, ಎರಡು ಜಡೆಗಳನ್ನು ಬಿಗಿಯಾಗಿ ಹೆಣೆಯುತ್ತ ಅಪ್ಪನನ್ನು ಬೈಯುತ್ತಿದ್ದಳು. ಹತ್ತು ವರ್ಷ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡಿದ್ದ ಅಪ್ಪನಿಗೆ ಹಗಲು ಪಾಳಿ ಸಿಕ್ಕು ಎಂಟು ದಿನವಾಗಿತ್ತು. ಈಗ ರಾತ್ರಿ ನಿದ್ದೆಯೇ ಹತ್ತುತ್ತಿರಲಿಲ್ಲ. ಇನ್ನೊಮ್ಮೆ ಕೆಲಸದಲ್ಲಿ ತೂಕಡಿಸಿದರೆ ಮತ್ತೆ ರಾತ್ರಿ ಪಾಳಿಯೇ ಎಂದು ಸೂಪರ್‌ವೈಸರ್ ಹೇಳಿಬಿಟ್ಟಿದ್ದರು.

“ಕಣ್ಣ ಮುಚ್ಚಿದ್ರ ನಿದ್ದಿ ಬರ್ತೈತಿ. ಅದಕ್ಕೂ ಸಾಲಿ ಕಲೀಬೇಕೇನ್ರಿ?” ಎಂದು ಅವ್ವ ನನ್ನ ರಿಬ್ಬನ್ ಜಗ್ಗಿದಳು.

ಮಧ್ಯಾಹ್ನ ಅಪ್ಪ ಮಲಗದಂತೆ ನೋಡಿಕೊಳ್ಳಲು ನನ್ನನ್ನು ಕಾವಲು ಕೂರಿಸಿದಳು. ಊಟವಾದ ಹತ್ತೇ ನಿಮಿಷಕ್ಕೆ ಅಪ್ಪ ಬೆತ್ತದ ಕುರ್ಚಿಯಲ್ಲಿ ಗೊರಕೆ ಹೊಡೆಯತೊಡಗಿದ. ಒದ್ದೆ ಟವೆಲ್ಲಿನಿಂದ ಮುಖ ಒರೆಸಿದೆ. “ಹದಿನೇಳರ ಮಗ್ಗಿ ಹೇಳ್ರಿ ಅಪ್ಪಾ” ಎಂದೆ. ಹದಿನೇಳು ನಾಲ್ಕಕ್ಕೆ ಬರುವಷ್ಟರಲ್ಲಿ ತಲೆ ಮತ್ತೆ ವಾಲಿತು.

“ಹಗಲೊತ್ತು ಮಲಗಾವ್ರಿಗೆ ರಾತ್ರಿ ಎಲ್ಲಿ ನಿದ್ದಿ!” ಎಂದು ಅವ್ವ ಅಡುಗೆಮನೆಯಿಂದ ಕೂಗಿದಳು. ಅಪ್ಪನಿಗೆ ನಿದ್ದೆ ಬರಲೆಂದು ರಾತ್ರಿಯ ಹಾಲಿಗೆ ಸಾಣೆಕಲ್ಲಿನ ಮೇಲೆ ಜಾಯಿಕಾಯಿ ತೇಯುವ ಸದ್ದು ಜೋರಾಯಿತು.

ಸಂಜೆ ಪಕ್ಕದ ಮನೆಯ ಶಾಂತಾಬಾಯಿ ಕರಿಬೇವು ಕೇಳಲು ಬಂದರು. ಅವರ ಮುಂದೆಯೂ ಅವ್ವ ಅದೇ ಪುರಾಣ ಬಿಚ್ಚಿದಳು. ಕರಿಬೇವನ್ನು ಸೆರಗಿಗೆ ಹಾಕಿಕೊಳ್ಳುತ್ತ ಶಾಂತಾಬಾಯಿ ಅಂದರು:

“ಇರ್ಲಿ ಬಿಡ್ರಿ ವೈನಿ. ಅಣ್ಣಾರು ರಾತ್ರಿ ಮನ್ಯಾಗ ಇರಾಕ ಹತ್ತಿದ ಮ್ಯಾಲರೆ ನಿಮ್ಮ ಅಡಿಗಿಮನಿ ಲೈಟ್ ಆರಾಕ ಹತ್ತೇತಿ. ಹತ್ತು ವರ್ಷ ಬೆಳಗಾಗೋತನಕ ಉರೀತಿತ್ತಲ್ಲ!”