ತುಂಬಿದ ಸದ್ದು

"ಸತ್ತಿದೆ" ಎಂದು ಅತ್ತೆ ಕೈಯಲ್ಲಿದ್ದ ಸಿಂಪಿಯನ್ನು ಎಡಗಡೆಯ ಬಕೆಟ್ಟಿಗೆ ಎಸೆದರು. ಮುಂದಿನದನ್ನು ಕಿವಿಯ ಬಳಿ ಹಿಡಿದು ಚಾಕುವಿನ ಮರದ ಹಿಡಿಯಿಂದ ತಟ್ಟಿದರು. ಅದೂ ಸತ್ತಿತ್ತು. ಅದರ ಮುಂದಿನದೂ.

ಎದುರು ಕುಳಿತು ಚಿಪ್ಪು ಉಜ್ಜುತ್ತಿದ್ದ ಸೊಸೆ ಕೆಲಸ ನಿಲ್ಲಿಸಿದಳು. ಬದುಕಿದ ಸಿಂಪಿಗಳಿಗಾಗಿ ಬಲಗಡೆ ಇಟ್ಟಿದ್ದ ಬುಟ್ಟಿಯ ತಳ ಕಾಣುತ್ತಿತ್ತು. ಎಡಗಡೆಯ ಬಕೆಟ್ಟು ಮಾತ್ರ ಕಂಠಮಟ್ಟ ತುಂಬಿತ್ತು. ಆಕೆ ಬಕೆಟ್ಟಿನಿಂದ ಒಂದನ್ನು ತೆಗೆದು, ಚಿಪ್ಪಿನ ಸಂದಿಗೆ ತನ್ನ ಚಾಕುವಿನ ತುದಿ ಇಟ್ಟು ಮೀಟಿದಳು. ಅಲಗು ತಗುಲಿದೊಡನೆ ಒಳಗಿನ ಜೀವ ಮುದುಡಿಕೊಂಡಿತು.

"ಅತ್ತೆ, ಇದು ಬದುಕಿದೆ."

"ಬದುಕಿದ್ರೆ ಹಾಗೆ ಸದ್ದು ಬರಲ್ಲ ಕಣೇ."

"ಸದ್ದು ಬಿಡಿ, ಕಣ್ಣಿಂದ ನೋಡಿ."

ಅತ್ತೆ ನೋಡಿದರು. ಇನ್ನೊಂದನ್ನು ತೆಗೆಸಿ ನೋಡಿದರು. ಅದೂ ಬದುಕಿತ್ತು. ಅವರಿಗೆ ಏನೂ ಅರ್ಥವಾಗಲಿಲ್ಲ. ಬದುಕಿದ ಸಿಂಪಿ ಕಲ್ಲನ್ನು ತಟ್ಟಿದಂತೆ ನುಡಿಯುತ್ತದೆ, ಸತ್ತದ್ದು ಬರಿದಾದ ಡಬ್ಬಿಯಂತೆ. ಗಂಡ ಕಲಿಸಿಕೊಟ್ಟ ವಿದ್ಯೆ ಇಷ್ಟೇ. ಅವರು ತೀರಿಕೊಂಡ ಮೇಲೂ ಈ ಮೇಜು, ಈ ಚಾಕು, ಈ ಕೆಲಸ ಅತ್ತೆಯದಾಗಿಯೇ ಉಳಿದಿತ್ತು. ಅತ್ತೆ ತಟ್ಟಿ ಒಪ್ಪಿದ ಬುಟ್ಟಿಯನ್ನು ಹೋಟೆಲಿನವರು ಮರುಮಾತಾಡದೆ ಕೊಳ್ಳುತ್ತಿದ್ದರು. ಸತ್ತದ್ದೊಂದು ಸೇರಿಹೋದರೆ ತಿಂದವರು ಆಸ್ಪತ್ರೆ ಸೇರುತ್ತಾರೆ. ಆಮೇಲೆ ಈ ಮನೆಯ ಸಿಂಪಿಯನ್ನು ಯಾರೂ ಮೂಸಿಯೂ ನೋಡುವುದಿಲ್ಲ.

ಅಷ್ಟರಲ್ಲಿ ಮಗ ದೋಣಿಯಿಂದ ಇನ್ನೊಂದು ಚೀಲ ಹೊತ್ತು ತಂದು ಮೇಜಿನ ಮೇಲೆ ಸುರಿದ. ಬಕೆಟ್ಟು ನೋಡಿ ಅವನ ಮುಖ ಇಳಿಯಿತು.

"ಇಷ್ಟೂ ಸತ್ತಿದೆಯಾ?"

"ಬದುಕಿದೆ. ಅತ್ತೆಗೆ ಸತ್ತ ಹಾಗೆ ಕೇಳಿಸ್ತಿದೆ" ಎಂದಳು ಹೆಂಡತಿ.

"ಏನಮ್ಮಾ, ಕಿವಿ ಕೈ ಕೊಡ್ತಾ?"

"ನನ್ನ ಕಿವಿಗೇನಾಗಿದೆಯೋ? ನೀವಿಬ್ಬರೂ ಅಡುಗೆಮನೇಲಿ ನನ್ನ ಬಗ್ಗೆ ಪಿಸುಗುಟ್ಟೋದೆಲ್ಲ ಕೇಳಿಸುತ್ತೆ."

ಸೊಸೆ ನಕ್ಕುಬಿಟ್ಟಳು. ಮಗ ನಗಲಿಲ್ಲ. ಒಂದು ಸಿಂಪಿಯ ಅಂಚನ್ನು ಹೆಬ್ಬೆರಳಿನಿಂದ ಒತ್ತಿದ. ಅದು ಮೊಟ್ಟೆಯ ಚಿಪ್ಪಿನಂತೆ ಪುಡಿಯಾಯಿತು.

"ನೀರು ಪರೀಕ್ಷೆ ಮಾಡೋರು ಹೇಳಿದ್ದು ಇದೇ ಇರ್ಬೇಕು. ಊರೂರಿನ ಹೊಗೆಯೆಲ್ಲ ಸಮುದ್ರಕ್ಕೆ ಇಳಿದು ನೀರು ಹುಳಿಯಾಗ್ತಿದೆಯಂತೆ. ಚಿಪ್ಪು ದಪ್ಪ ಕಟ್ಟಲ್ವಂತೆ. ಅದರ ಮೇಲೆ ನೀರು ಬೇರೆ ಬಿಸಿಯಾಗಿದೆ. ಜೀವ ಸೋತು ಬಾಯಿ ಬಿಡುತ್ತೆ, ಒಳಗಿನ ನೀರು ಸೋರಿಹೋಗುತ್ತೆ. ಟೊಳ್ಳು ಸದ್ದು ಬರದೆ ಇನ್ನೇನು ಬರುತ್ತೆ?"

"ಹುಳಿಯಾಗೋಕೆ ಸಮುದ್ರ ಏನು ಕಾಯಿಸೋಕೆ ಮರೆತ ಹಾಲೇನೋ?" ಅತ್ತೆ ಚಿಪ್ಪಿನಿಂದ ಜಿನುಗಿದ ನೀರನ್ನು ಬೆರಳಿಂದ ನಾಲಿಗೆಗೆ ಹಚ್ಚಿಕೊಂಡರು. "ಉಪ್ಪಾಗೇ ಇದೆಯಲ್ಲ. ದೇವರು ಮಾಡಿದ ಹಾಗೇ ಇದೆ."

"ನಾಲಿಗೆಗೆ ಗೊತ್ತಾಗೋ ಹುಳಿ ಅಲ್ವಂತಮ್ಮ ಅದು." ಅವನು ಬಾಗಿಲ ಕಡೆ ನೋಡಿದ. "ಹೋಟೆಲಿನ ಗಾಡಿ ಬರೋ ಹೊತ್ತಾಯ್ತು. ನೀನು ಒಳಗೆ ಹೋಗಿ ಕೂತ್ಕೋ. ಇನ್ಮೇಲೆ ನಾವೇ ನೋಡ್ಕೋತೀವಿ."

"ಹೇಗೆ ನೋಡ್ಕೋತೀಯ? ಒಂದೊಂದನ್ನೂ ತೆರೆದು ನೋಡಿದ್ರೆ ಆಮೇಲೆ ಮಾರೋದು ಏನನ್ನ?"

ಅವನು ಬೆರಳಿಗಂಟಿದ್ದ ಚಿಪ್ಪಿನ ಪುಡಿ ಒರೆಸಿಕೊಂಡ. ಗಾಡಿಯವನನ್ನು ಸ್ವಲ್ಪ ಕಾಯಿಸುತ್ತೇನೆಂದು ಹೊರಗೆ ಹೋದ.

ಅತ್ತೆ ಕಣ್ಣು ಮುಚ್ಚಿದರು. ತುಟಿ ಅಲುಗಿತು. ದೇವರೊಡನೆ ಮಾತೋ ಮಾವನೊಡನೆ ಮಾತೋ ಸೊಸೆಗೆ ತಿಳಿಯಲಿಲ್ಲ.

"ನಿನ್ನ ಮಾವ ಹೋದಾಗಲೂ ಹೀಗೇ ಆಯ್ತು" ಎಂದರು ಕಣ್ಣು ತೆರೆದು. "ಪಕ್ಕದಲ್ಲೇ ಇದ್ದೆ. ನಿದ್ದೆ ಅಂದ್ಕೊಂಡೆ. ಎಬ್ಬಿಸಬೇಡಿ ಅಂತ ನಿಮಗೆಲ್ಲ ಹೇಳಿ ಬಾಗಿಲು ಮುಂದೆ ಮಾಡಿ ಬಂದೆ. ಆಗಲೂ ಗೊತ್ತಾಗಲಿಲ್ಲ, ಈಗಲೂ ಗೊತ್ತಾಗ್ತಿಲ್ಲ ಕಣೇ."

ಸೊಸೆ ಹೊಸ ರಾಶಿಯನ್ನು ಅವರ ಮುಂದೆ ಸರಿಸಿದಳು. ಅತ್ತೆ ತಟ್ಟತೊಡಗಿದರು. ಟೊಳ್ಳು. ಮತ್ತೆ ಟೊಳ್ಳು. ಒಂದೊಂದನ್ನೂ ಬಕೆಟ್ಟಿನ ಕಡೆಗೊಮ್ಮೆ ಬುಟ್ಟಿಯ ಕಡೆಗೊಮ್ಮೆ ಒಯ್ದು, ಎರಡಕ್ಕೂ ಹಾಕಲಾರದೆ ಮಡಿಲಲ್ಲೇ ಇಟ್ಟುಕೊಂಡರು. ಕೊನೆಗೆ ಒಂದು ಸಿಂಪಿ ನುಡಿಯಿತು: ಕಲ್ಲನ್ನು ತಟ್ಟಿದಂತೆ, ಗಟ್ಟಿಯಾದ, ತುಂಬಿದ ಸದ್ದು.

"ಕೇಳಿದ್ಯಾ?" ಅವರ ಮುಖ ಅರಳಿತು.

"ಕೇಳಿಸ್ತು ಅತ್ತೆ!"

"ಇದು ನಿನ್ನ ಮಾವ ಕಲಿಸಿದ ಸದ್ದು. ನೋಡು, ಎಷ್ಟು ಭಾರ ಇದೆ. ತೆಗೆ, ಇದನ್ನ ನಿನ್ನ ಗಂಡನಿಗೆ ತೋರಿಸಬೇಕು."

ಸೊಸೆ ಮೀಟಿದಳು. ಒಳಗೆ ಜೀವವಿರಲಿಲ್ಲ, ಅದು ಎಂದೋ ಹೋಗಿತ್ತು. ಎರಡು ಚಿಪ್ಪುಗಳ ನಡುವೆ ಕಪ್ಪು ಕೆಸರು ಒತ್ತೊತ್ತಾಗಿ ತುಂಬಿಕೊಂಡಿತ್ತು.

"ಅಮ್ಮಾ, ಬುಟ್ಟಿ ಆಯ್ತಾ?" ಹೊರಗಿನಿಂದ ಮಗ ಕೂಗಿದ.

ಅತ್ತೆ ಆ ಎರಡು ಚಿಪ್ಪುಗಳನ್ನು ಕೆಸರಿನ ಸಮೇತ ಮತ್ತೆ ಜೋಡಿಸಿ, ಬೆರಳುಗಳಿಂದ ಬಿಗಿಯಾಗಿ ಹಿಡಿದು, ಕಿವಿಯ ಹತ್ತಿರ ತಂದು ಇನ್ನೊಮ್ಮೆ ತಟ್ಟಿದರು. ಸದ್ದು ಮೊದಲಿನಂತೆಯೇ ಬಂತು. ಮಡಿಲಲ್ಲಿದ್ದ ಟೊಳ್ಳು ಸಿಂಪಿಗಳಿಂದ ನೀರು ಸೋರಿ ಅವರ ಬಟ್ಟೆ ಮೆಲ್ಲಗೆ ನೆನೆಯುತ್ತಿತ್ತು.